ಒಂದೂವರೆ ಲಕ್ಷ ಜನ ಒಂದೇ ದಿನ ಇಳಿದದ್ದು ಹೇಗೆ? ನಾರ್ಮಂಡಿ, 1944ರ ಜೂನ್ 6

ಡಿ-ಡೇ ಬಗ್ಗೆ ಯಾರು ಬರೆದರೂ ಒಂದು ಸಂಖ್ಯೆ ಬಂದೇ ಬರುತ್ತದೆ. ಒಂದೂವರೆ ಲಕ್ಷ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಅಷ್ಟು ಸೈನಿಕರು ಇಂಗ್ಲೆಂಡಿನಿಂದ ಹೊರಟು ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದರು. ಆ ದಿನಕ್ಕೇ ಡಿ-ಡೇ ಅನ್ನುತ್ತಾರೆ. ಸಂಖ್ಯೆ ಸರಿಯಾಗಿಯೇ ಇದೆ. ಆದರೆ ಅದನ್ನು ಓದಿದವರು ಮಿತ್ರರಾಷ್ಟ್ರಗಳ ಸೈನ್ಯವೇ ಅಷ್ಟು ಅಂದುಕೊಂಡುಬಿಡುತ್ತಾರೆ. ಆಗ ಬ್ರಿಟನ್ನಿನಲ್ಲಿ ಅಮೆರಿಕದ ಸೈನಿಕರೇ ಸುಮಾರು ಹದಿನೈದು ಲಕ್ಷ ಇದ್ದರು. ಅಮೆರಿಕ, ಬ್ರಿಟನ್, ಕೆನಡಾ, ಪೋಲೆಂಡ್, ಫ್ರಾನ್ಸ್ ಎಲ್ಲ ಸೇರಿ 39 ಡಿವಿಷನ್ ಸಜ್ಜಾಗಿದ್ದವು (ಡಿವಿಷನ್ ಅಂದರೆ ಹತ್ತು ಹದಿನೈದು ಸಾವಿರ ಸೈನಿಕರ ದೊಡ್ಡ ಪಡೆ). ಮೊದಲ ದಿನ ಸಮುದ್ರದ ಮೇಲೆ ಹೋಗಿ ಇಳಿದದ್ದು ಐದಾರು ಡಿವಿಷನ್ ಅಷ್ಟೇ. ಉಳಿದವರು ಇಂಗ್ಲೆಂಡಿನ ದಡದಲ್ಲೇ ಕಾಯುತ್ತಾ ನಿಂತರು. ಯಾಕೆ?

ಯಾಕೆಂದರೆ ಅವರನ್ನು ಕರೆದುಕೊಂಡು ಹೋಗಲು ದೋಣಿ ಇರಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಒಂದೂವರೆ ಲಕ್ಷ ಅನ್ನೋದು ದೋಣಿಗಳು ಒಂದು ದಿನದಲ್ಲಿ ಎಷ್ಟು ಜನರನ್ನು ಹೊತ್ತೊಯ್ಯಬಲ್ಲವು ಅನ್ನುವುದರ ಲೆಕ್ಕ. ಆ ಕಣ್ಣಿನಿಂದ ನೋಡಿದರೆ ಯೋಜನೆ, ತಾರೀಖು, ಸಾವು-ನೋವು, ಆಮೇಲಿನ ಯುದ್ಧ ಎಲ್ಲವೂ ಬೇರೆ ಥರ ಕಾಣಿಸುತ್ತವೆ.

ಲೆಕ್ಕ ಬಿಡಿಸಿ ನೋಡೋಣ

ಆ ದಿನದ ಒಟ್ಟು 1,56,115. ಇದರಲ್ಲಿ 23,400 ಜನ ಸಮುದ್ರ ಮುಟ್ಟಲೇ ಇಲ್ಲ, ಅವರು ಪ್ಯಾರಾಚೂಟ್ ಮತ್ತು ಗ್ಲೈಡರ್‌ಗಳಲ್ಲಿ ಬಂದವರು. ಸಮುದ್ರದ ಮೂಲಕ ಬಂದವರು 1,32,715. ಪಶ್ಚಿಮದಿಂದ ಪೂರ್ವಕ್ಕೆ ಐದು ದಂಡೆಗಳು, ಎಲ್ಲಕ್ಕೂ ಗುಪ್ತನಾಮಗಳು. ಯೂಟಾದಲ್ಲಿ 23,250, ಒಮಾಹಾದಲ್ಲಿ 34,250, ಗೋಲ್ಡ್‌ನಲ್ಲಿ 24,970, ಜುನೋದಲ್ಲಿ 21,400, ಸ್ವೋರ್ಡ್‌ನಲ್ಲಿ 28,845. ಮೊದಲೆರಡು ಅಮೆರಿಕದವರ ಪಾಲು, ಜುನೋ ಕೆನಡಾದವರದು, ಉಳಿದೆರಡು ಬ್ರಿಟಿಷರದು. ಈ ಕೊನೆಯಿಂದ ಆ ಕೊನೆಗೆ ಸುಮಾರು 80 ಕಿಲೋಮೀಟರ್.

ಈಗ ಸಮುದ್ರದ ಕಡೆ ತಿರುಗಿ. ಈ ಕಾರ್ಯಾಚರಣೆಯ ಸಮುದ್ರದ ಭಾಗಕ್ಕೆ ನೆಪ್ಚೂನ್ ಅಂತ ಹೆಸರಿಟ್ಟಿದ್ದರು. ಅದರಲ್ಲಿ 6,939 ಹಡಗು-ದೋಣಿಗಳಿದ್ದವು. ಯುದ್ಧನೌಕೆಗಳು 1,213. ಸೈನಿಕರನ್ನು, ವಾಹನಗಳನ್ನು ಇಳಿಸುವ ಹಡಗು-ದೋಣಿಗಳು 4,126. ಮಿಕ್ಕವು ಸರಕು ಹಡಗುಗಳು ಮತ್ತು ಬೇರೆ ಬೇರೆ ಸಹಾಯಕ್ಕೆ ಇದ್ದವು. ಇಷ್ಟನ್ನೂ ನಡೆಸಲು 1,95,700 ಜನ ಬೇಕಾಯಿತು. ಅಂದರೆ ಆವತ್ತು ಮರಳಿನ ಮೇಲೆ ಕಾಲಿಟ್ಟವರಿಗಿಂತ ಅವರನ್ನು ಅಲ್ಲಿಗೆ ತಲುಪಿಸಿದವರೇ ಜಾಸ್ತಿ! ಅವರಲ್ಲಿ ಸುಮಾರು 25,000 ಜನ ಸರಕು ಹಡಗುಗಳ ನಾವಿಕರು. ಅವರ ಹೆಸರು ಎಲ್ಲೂ ಬರುವುದಿಲ್ಲ, ಅದು ನನಗೆ ತುಂಬಾ ಬೇಸರದ ವಿಷಯ.

ಹಾಗಾದರೆ ಇತಿಹಾಸದಲ್ಲೇ ದೊಡ್ಡ ಸಮುದ್ರ ದಾಳಿ ಇದೇನಾ? ನೀವು ಯಾವುದನ್ನು ಎಣಿಸುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಹಡಗುಗಳನ್ನು ಎಣಿಸಿದರೆ, ಆಮೇಲೆ ಬಂದು ಸೇರಿದ ಸೈನ್ಯವನ್ನು ಎಣಿಸಿದರೆ ಹೌದು, ನಾರ್ಮಂಡಿಗೆ ಸಾಟಿಯಿಲ್ಲ. ಆದರೆ ಮೊದಲ ಹೊಡೆತಕ್ಕೆ ಸಮುದ್ರದಿಂದ ಇಳಿದ ಡಿವಿಷನ್‌ಗಳನ್ನು ಎಣಿಸಿದರೆ ಹಿಂದಿನ ವರ್ಷ ಇಟಲಿಯ ಸಿಸಿಲಿ ದ್ವೀಪದ ಮೇಲೆ ನಡೆದ ದಾಳಿಯೇ ಮುಂದೆ. 1943ರ ಜುಲೈ 10ರಂದು ಅಲ್ಲಿ ಏಳು ಡಿವಿಷನ್ ಮತ್ತು ಒಂದು ಬ್ರಿಗೇಡ್ ಇಳಿದಿದ್ದವು, ಸುಮಾರು 160 ಕಿಲೋಮೀಟರ್ ಉದ್ದದ ತೀರದಲ್ಲಿ. 1945ರ ಏಪ್ರಿಲ್ 1ರಂದು ಜಪಾನಿನ ಒಕಿನಾವಾ ದ್ವೀಪದಲ್ಲಿ ಮೊದಲ ದಿನ ಇಳಿದವರು ಸುಮಾರು 60,000. ಅಲ್ಲಿಗೆ ಸಾಗಬೇಕಾಗಿದ್ದ ದೂರ ಮಾತ್ರ ಸಾವಿರಾರು ಕಿಲೋಮೀಟರ್. ಹಾಗಾಗಿ "ಅತಿ ದೊಡ್ಡದು" ಅನ್ನೋ ಪಟ್ಟ ಕೊಡುವ ಮುಂಚೆ ಯಾವುದರ ಲೆಕ್ಕದಲ್ಲಿ ಅಂತ ಕೇಳಲೇಬೇಕು.

ಮೂರು ದಂಡೆ ಐದಾದ ಕಥೆ

1943ರಲ್ಲಿ ಬ್ರಿಟಿಷ್ ಜನರಲ್ ಫ್ರೆಡರಿಕ್ ಮಾರ್ಗನ್ ತಂಡ ಮೊದಲ ಯೋಜನೆ ತಯಾರಿಸಿತು. ಮೂರು ದಂಡೆ, ಮೂರು ಡಿವಿಷನ್. ಇಷ್ಟು ಸಾಕು ಅಂತ ಮಾರ್ಗನ್ ಅವರಿಗೇನೂ ಅನಿಸಿರಲಿಲ್ಲ. ನಿಮಗೆ ಸಿಗುವ ದೋಣಿ ಇಷ್ಟು, ಇದರಲ್ಲೇ ಯೋಜನೆ ಮಾಡಿ ಅಂತ ಮೇಲಿನಿಂದ ಹೇಳಿದ್ದರು, ಅವರು ಅದರಲ್ಲೇ ಮಾಡಿದರು.

1944ರ ಜನವರಿಯಲ್ಲಿ ಅಮೆರಿಕದ ಜನರಲ್ ಐಸೆನ್‌ಹೋವರ್ ಮತ್ತು ಬ್ರಿಟಿಷ್ ಜನರಲ್ ಮಾಂಟ್ಗೊಮರಿ ಹೊಣೆ ಹೊತ್ತುಕೊಂಡಾಗ ಇಬ್ಬರ ಮಾತೂ ಒಂದೇ ಆಗಿತ್ತು. ಇದು ಸಾಲದು. ಇಷ್ಟು ಕಿರಿದಾದ ಜಾಗದಲ್ಲಿ ಇಳಿದರೆ ಜರ್ಮನರು ಅಲ್ಲೇ ಸುತ್ತುಗಟ್ಟಿ ಹಾಕುತ್ತಾರೆ. ಕೊನೆಗೆ ಪಶ್ಚಿಮದಲ್ಲಿ ಯೂಟಾ, ಪೂರ್ವದಲ್ಲಿ ಸ್ವೋರ್ಡ್ ಸೇರಿಕೊಂಡವು. ಯೂಟಾ ಸೇರಿಸಲು ಇನ್ನೊಂದು ಕಾರಣ ಶೆರ್ಬೂರ್ ಬಂದರು. ಅಲ್ಲಿಂದ ಅದು ಹತ್ತಿರ.

ನಕಾಶೆಯ ಮೇಲೆ ಎರಡು ದಂಡೆ ಸೇರಿಸುವುದು ಸುಲಭ. ಅದಕ್ಕೆ ಬೇಕಾದ ದೋಣಿ ಎಲ್ಲಿಂದ ತರುವುದು? ಮದುವೆ ದಿಬ್ಬಣಕ್ಕೆ ಊರಿಗೆ ಊರೇ ಸಿದ್ಧವಾಗಿ ನಿಂತಿದೆ, ಬಂದಿರುವುದು ಎರಡೇ ಬಸ್ಸು ಅನ್ನುವಂಥ ಪರಿಸ್ಥಿತಿ. ಅದಕ್ಕೇ ಮೇ ತಿಂಗಳ ತಾರೀಖನ್ನು ಜೂನ್ ಕಡೆಗೆ ತಳ್ಳಿದರು. ಒಂದು ತಿಂಗಳು ಕಾದರೆ ಕಾರ್ಖಾನೆಗಳಿಂದ ಒಂದು ತಿಂಗಳ ದೋಣಿಗಳು ಹೆಚ್ಚಿಗೆ ಸಿಗುತ್ತವೆ ಅನ್ನೋದು ಅದರ ಹಿಂದಿದ್ದ ದೊಡ್ಡ ಕಾರಣ. ಅದೇ ಹೊತ್ತಿಗೆ ದಕ್ಷಿಣ ಫ್ರಾನ್ಸಿನಲ್ಲೂ ಇಳಿಯಬೇಕು ಅಂತ ಇದ್ದ ಯೋಜನೆಯನ್ನು ಆಗಸ್ಟ್‌ಗೆ ಮುಂದೂಡಿದರು. ಎರಡೂ ಕಡೆಗೆ ಸಾಲುವಷ್ಟು ದೋಣಿ ಇರಲಿಲ್ಲ.

ಎಲ್ಲರೂ ಕೇಳುತ್ತಿದ್ದುದು ಎಲ್‌ಎಸ್‌ಟಿ (ಲ್ಯಾಂಡಿಂಗ್ ಶಿಪ್, ಟ್ಯಾಂಕ್) ಅನ್ನುವ ಹಡಗನ್ನು. ಸುಮಾರು 100 ಮೀಟರ್ ಉದ್ದ, ಚಪ್ಪಟೆ ತಳ, ಮೂತಿಯಲ್ಲಿ ಎರಡು ದೊಡ್ಡ ಬಾಗಿಲು. ಹೊಟ್ಟೆಯೊಳಗೆ ಹದಿನೆಂಟು ಇಪ್ಪತ್ತು ಟ್ಯಾಂಕ್ ಹಿಡಿಯುತ್ತದೆ. ಬಂದರು ಬೇಡ, ಧಕ್ಕೆ ಬೇಡ, ಕ್ರೇನ್ ಬೇಡ. ನೇರ ಮರಳಿಗೆ ಮೂತಿ ತಾಗಿಸಿ ಬಾಗಿಲು ತೆರೆದರೆ ಟ್ಯಾಂಕು, ಲಾರಿ ಓಡಿಸಿಕೊಂಡು ಹೊರಗೆ ಬರಬಹುದು. ವಾಹನಗಳನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು, ಇಳಿಯುವಾಗ ತಿರುಗಿಸುವ ಕಷ್ಟ ಇರಬಾರದು ಅಂತ. ಮೊದಲು ಬೇಕಾದದ್ದನ್ನು ಕೊನೆಗೆ ಹತ್ತಿಸಬೇಕು, ಇದು ನಿಯಮ. ಅಮೆರಿಕ ಇಂಥ ಹಡಗುಗಳನ್ನು ಸಾವಿರಕ್ಕೂ ಹೆಚ್ಚು ಕಟ್ಟಿತು, ಎಷ್ಟೋ ಹಡಗುಗಳನ್ನು ಸಮುದ್ರದಿಂದ ಬಹು ದೂರ ಇಂಡಿಯಾನಾ, ಇಲಿನಾಯ್ ರಾಜ್ಯಗಳ ನದಿ ದಂಡೆಗಳಲ್ಲಿ. ಆದರೂ ಸಾಲುತ್ತಿರಲಿಲ್ಲ. ಇಟಲಿಯ ಆಂಜಿಯೋದಲ್ಲಿ ಜನವರಿಯಲ್ಲಿ ಇಳಿದ ಸೈನ್ಯ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು, ಅವರಿಗೆ ಊಟ, ಮದ್ದುಗುಂಡು ಮುಟ್ಟಿಸಲು ಎಲ್‌ಎಸ್‌ಟಿಗಳು ಅಲ್ಲೇ ಬೇಕಾಗಿದ್ದವು. ಶಾಂತಸಾಗರದಲ್ಲಿ ಅಮೆರಿಕದ ನೌಕಾಪಡೆ ತನ್ನ ಪಾಲು ಬಿಡಲು ತಯಾರಿರಲಿಲ್ಲ. ನಾರ್ಮಂಡಿ ಆದ ಒಂಬತ್ತೇ ದಿನಕ್ಕೆ, ಜೂನ್ 15ರಂದು, ಸೈಪಾನ್ ದ್ವೀಪದ ಮೇಲೆ ಅವರ ದಾಳಿ ನಡೆಯಿತು.

ಈ ಕೊರತೆಯ ಬಿಸಿ ನಮ್ಮ ಕಡೆಗೂ ತಟ್ಟಿದೆ. ಅಂಡಮಾನ್ ದ್ವೀಪಗಳು 1942ರ ಮಾರ್ಚ್‌ನಿಂದ ಜಪಾನಿನ ಕೈಯಲ್ಲಿದ್ದವು. ಅವುಗಳ ಮೇಲೆ ಸಮುದ್ರದಿಂದ ದಾಳಿ ಮಾಡುವ ಯೋಜನೆಯೊಂದು ಸಿದ್ಧವಾಗಿತ್ತು, ಹೆಸರು ಬಕನೀರ್. 1943ರ ನವೆಂಬರ್‌ನಲ್ಲಿ ಕೈರೋದಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಚೀನಾದ ಚಿಯಾಂಗ್ ಕೈ-ಶೆಕ್ ಅವರಿಗೆ ಇದನ್ನು ಮಾಡುತ್ತೇವೆ ಅಂತ ಮಾತನ್ನೂ ಕೊಟ್ಟರು. ಟೆಹರಾನ್‌ಗೆ ಹೋಗಿ ಸ್ಟಾಲಿನ್ ಜೊತೆ ಮಾತಾಡಿ ಬಂದ ಮೇಲೆ, ಡಿಸೆಂಬರ್ ಮೊದಲ ವಾರದಲ್ಲಿ, ಅದು ರದ್ದಾಯಿತು. ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕ ಮೌಂಟ್‌ಬ್ಯಾಟನ್ ಬಳಿ ಇದ್ದ ದೋಣಿಗಳು ಯುರೋಪಿನ ಕಡೆ ಹೊರಟವು. 1944ರ ಜನವರಿ 30ರಂದು ಅಂಡಮಾನಿನ ಹಂಫ್ರಿಗಂಜ್‌ನಲ್ಲಿ ಜಪಾನಿ ಸೈನಿಕರು 44 ಭಾರತೀಯರನ್ನು ಗುಂಡಿಟ್ಟು ಕೊಂದರು. ದಾಳಿ ನಡೆದಿದ್ದರೆ ಅವರು ಬದುಕುತ್ತಿದ್ದರು ಅಂತ ಹೇಳಲು ನನಗೆ ಆಗುವುದಿಲ್ಲ. ಆದರೆ ನಾರ್ಮಂಡಿಯ ದೋಣಿ ಲೆಕ್ಕ ಮಾಡುವಾಗ ಈ ಪುಟವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು, ಅಲ್ವಾ? ಅಲ್ಲಿಗೆ ಹೋದ ಒಂದೊಂದು ದೋಣಿಯೂ ಇನ್ನೆಲ್ಲೋ ಇಲ್ಲದಂತಾದ ದೋಣಿ.

ಲೆಕ್ಕ ಎಷ್ಟು ಬಿಗಿಯಾಗಿತ್ತು ಅಂತ ತಿಳಿಯಲು ಏಪ್ರಿಲ್ 27-28ರ ನಡುರಾತ್ರಿ ನೋಡಿ. ಇಂಗ್ಲೆಂಡಿನ ದಕ್ಷಿಣ ತೀರದ ಸ್ಲ್ಯಾಪ್ಟನ್ ಸ್ಯಾಂಡ್ಸ್‌ನಲ್ಲಿ ಯೂಟಾಗೆ ಹೋಗಬೇಕಿದ್ದವರ ತಾಲೀಮು ನಡೆಯುತ್ತಿತ್ತು. ಕತ್ತಲಲ್ಲಿ ಬಂದ ಜರ್ಮನ್ ಟಾರ್ಪಿಡೊ ದೋಣಿಗಳು ಎರಡು ಎಲ್‌ಎಸ್‌ಟಿಗಳನ್ನು ಮುಳುಗಿಸಿದವು, ಮೂರನೆಯದನ್ನು ಕೆಡಿಸಿದವು. 749 ಜನ ಸತ್ತರು. ಲೈಫ್‌ಬೆಲ್ಟನ್ನು ಕಂಕುಳ ಕೆಳಗೆ ಕಟ್ಟಬೇಕು ಅಂತ ಎಷ್ಟೋ ಹುಡುಗರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಅವರು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಬೆನ್ನಿನ ಮೇಲಿದ್ದ ಭಾರಕ್ಕೆ ದೇಹ ಮಗುಚಿ, ತಲೆ ನೀರಿನೊಳಗೆ ಹೋಗಿ ಸತ್ತರು. ಐದೂವರೆ ವಾರಗಳ ನಂತರ ಯೂಟಾದಲ್ಲಿ ಇಡೀ ದಿನದಲ್ಲಿ, ಅಲ್ಲಿ ಇಳಿದ ಅಮೆರಿಕದ ನಾಲ್ಕನೇ ಡಿವಿಷನ್ನಿನ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ 197. ತಾಲೀಮಿನಲ್ಲೇ ಅದಕ್ಕಿಂತ ಎಷ್ಟೋ ಪಟ್ಟು ಜನ ಹೋಗಿದ್ದರು. ಇತ್ತ ಮೂರು ಹಡಗು ಕೈತಪ್ಪಿದ್ದೇ ತಡ, ಮೀಸಲಿಗೆ ಅಂತ ಒಂದು ಎಲ್‌ಎಸ್‌ಟಿಯೂ ಉಳಿಯಲಿಲ್ಲ.

ಬೆಳಿಗ್ಗೆ 6.30, ಒಮಾಹಾ

ಒಮಾಹಾದಲ್ಲಿ ಆ ದಿನ 34,250 ಜನ ಇಳಿದರು ಅಂತ ಓದಿದರೆ ಕಣ್ಣ ಮುಂದೆ ದೊಡ್ಡ ಜನಸಾಗರ ಬರುತ್ತದೆ. ಆದರೆ ಬೆಳಿಗ್ಗೆ ಆರೂವರೆಗೆ ಮೊದಲ ಸರದಿಯಲ್ಲಿ ಮರಳು ಮುಟ್ಟಿದ್ದು ಎಂಟು ಕಂಪನಿ ಪದಾತಿ, ಸುಮಾರು 1,450 ಜನ. ದಂಡೆಯ ಉದ್ದ ಎಂಟು ಕಿಲೋಮೀಟರ್‌ನಷ್ಟು. ಜರ್ಮನ್ ಮೆಷಿನ್ ಗನ್ನುಗಳಿಗೆ ಆ ಹೊತ್ತಿನಲ್ಲಿ ಎದುರಾದವರು ಇಷ್ಟೇ ಜನ. ಉಳಿದವರು ಇನ್ನೂ ಹಿಂದೆ, ಸಮುದ್ರದ ಮೇಲೆ, ತಮ್ಮ ಸರದಿಗೆ ಕಾಯುತ್ತಿದ್ದರು.

ಒಂದು ದೋಣಿಗೆ ಮೂವತ್ತರ ಆಸುಪಾಸು ಜನ. ಅಮೆರಿಕದ ದೊಡ್ಡ ಹಡಗುಗಳು ದಡದಿಂದ ಹದಿನೇಳು ಹದಿನೆಂಟು ಕಿಲೋಮೀಟರ್ ದೂರದಲ್ಲೇ ಲಂಗರು ಹಾಕಿದ್ದವು, ಜರ್ಮನ್ ತೋಪುಗಳಿಗೆ ಸಿಗಬಾರದು ಅಂತ. ಅಲ್ಲಿಂದ ಈ ಸಣ್ಣ ದೋಣಿಗಳಲ್ಲಿ ಗಂಟೆಗಟ್ಟಲೆ ಪ್ರಯಾಣ. ಹಿಂದಿನ ದಿನವೇ ಹವಾಮಾನ ಕೆಟ್ಟು ದಾಳಿಯನ್ನು ಒಂದು ದಿನ ಮುಂದೂಡಿದ್ದರು, ಅಲೆಗಳು ಇನ್ನೂ ಪೂರ್ತಿ ಇಳಿದಿರಲಿಲ್ಲ. ನೀರು ಒಳಗೆ ನುಗ್ಗುತ್ತಿತ್ತು. ಹುಡುಗರು ತಲೆಯ ಹೆಲ್ಮೆಟ್ ತೆಗೆದು ಅದರಲ್ಲೇ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದರು, ವಾಂತಿಯನ್ನೂ ಅದರಲ್ಲೇ ಮಾಡಿಕೊಳ್ಳುತ್ತಿದ್ದರು. ಬೆನ್ನ ಮೇಲೆ ಇಪ್ಪತ್ತೈದು ಮೂವತ್ತು ಕಿಲೋ ಭಾರ. ದಡ ಬರುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತಿತ್ತು.

ಅವರ ಜೊತೆಗೆ ಟ್ಯಾಂಕುಗಳು ಇರಬೇಕಿತ್ತು. ಕ್ಯಾನ್ವಾಸ್ ಪರದೆ ಕಟ್ಟಿ ನೀರಿನಲ್ಲಿ ತೇಲುವ ಹಾಗೆ ಮಾಡಿದ್ದ ಶೆರ್ಮನ್ ಟ್ಯಾಂಕುಗಳು. 741ನೇ ಟ್ಯಾಂಕ್ ಬೆಟಾಲಿಯನ್ 29 ಟ್ಯಾಂಕುಗಳನ್ನು ದೂರದಲ್ಲೇ ನೀರಿಗಿಳಿಸಿತು. 27 ಮುಳುಗಿದವು. ಪಕ್ಕದ 743ನೇ ಬೆಟಾಲಿಯನ್ನಿನವರು ಅಲೆ ನೋಡಿ ಬೇಡ ಅಂದರು, ದೋಣಿಗಳನ್ನು ಮರಳಿನವರೆಗೂ ತಂದು ಅಲ್ಲೇ ಇಳಿಸಿದರು. ಅವರ ಟ್ಯಾಂಕುಗಳು ಬಹುಪಾಲು ದಡ ಸೇರಿದವು. ಎರಡು ಬೆಟಾಲಿಯನ್ನುಗಳಿಗೂ ಸಿಕ್ಕಿದ್ದ ಸಲಕರಣೆ ಒಂದೇ, ಸಮುದ್ರವೂ ಅದೇ.

ಆಮೇಲೆ ಆದದ್ದು ಈ ಪ್ರಕರಣದಲ್ಲಿ ಬಹಳ ಮುಖ್ಯ. ನಾರ್ಮಂಡಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಆರು ಮೀಟರ್‌ಗೂ ಜಾಸ್ತಿ ವ್ಯತ್ಯಾಸ. ಜರ್ಮನ್ ಸೇನಾಪತಿ ರೊಮ್ಮೆಲ್ ನೆಡಿಸಿದ್ದ ಕಬ್ಬಿಣ, ಮರದ ಅಡೆತಡೆಗಳು ಕಣ್ಣಿಗೆ ಕಾಣಲಿ ಅಂತ ಇಳಿತದ ಹೊತ್ತಿಗೆ ಬಂದಿದ್ದರು. ಎಂಜಿನಿಯರುಗಳು ಅವನ್ನು ಸಿಡಿಸಿ ದಾರಿ ಮಾಡಬೇಕಿತ್ತು. ಗುಂಡಿನ ಮಳೆಯಲ್ಲಿ ಅವರ ಕೈಲಾದದ್ದು ಕೆಲವೇ ದಾರಿ. ಅಷ್ಟರಲ್ಲಿ ನೀರು ಏರಿ ಉಳಿದ ಅಡೆತಡೆಗಳೆಲ್ಲ ಮುಳುಗಿದವು. ಇತ್ತ ವೇಳಾಪಟ್ಟಿ ಪ್ರಕಾರ ಹಿಂದಿನಿಂದ ದೋಣಿಗಳು ಬರುತ್ತಲೇ ಇದ್ದವು, ಲಾರಿಗಳು, ಜೀಪುಗಳು, ತೋಪುಗಳು ಎಲ್ಲ. ಮರಳಿನಲ್ಲಿ ಜಾಗ ಇಲ್ಲ, ಮುಂದೆ ಹೋಗಲು ದಾರಿ ಇಲ್ಲ. ಎಂಟೂವರೆ ಹೊತ್ತಿಗೆ ವಾಹನಗಳನ್ನು ಇಳಿಸುವುದನ್ನೇ ನಿಲ್ಲಿಸಿ ಅಂತ ಆದೇಶ ಬಂತು. ಹತ್ತಾರು ದೋಣಿಗಳು ನೀರಿನಲ್ಲೇ ಸುತ್ತು ಹಾಕತೊಡಗಿದವು. ಅಷ್ಟು ದೊಡ್ಡ ಪಡೆ ಕೆಲವು ಗಂಟೆ ತನ್ನದೇ ಗಾತ್ರಕ್ಕೆ ಸಿಕ್ಕಿ ಒದ್ದಾಡಿತು. ಬಿಡಿಸಿದ್ದು ಎರಡು ಸಂಗತಿ. ಡಿಸ್ಟ್ರಾಯರ್ ಹಡಗುಗಳು ತಳ ನೆಲಕ್ಕೆ ತಾಗುವ ಅಪಾಯವನ್ನೂ ಲೆಕ್ಕಿಸದೆ ದಡದ ಹತ್ತಿರ ಬಂದು ಗುಂಡು ಹಾರಿಸಿದವು. ಸಣ್ಣ ಸಣ್ಣ ಗುಂಪುಗಳು ರಸ್ತೆ ಬಿಟ್ಟು ನೇರ ಗುಡ್ಡ ಹತ್ತಿದವು.

ಆ ದಿನ ಐದೂ ದಂಡೆ ಮತ್ತು ಪ್ಯಾರಾಟ್ರೂಪರ್‌ಗಳು ಸೇರಿ ಮಿತ್ರಪಡೆಯಲ್ಲಿ ಹೆಸರು ಸಮೇತ ಖಚಿತವಾದ ಸಾವುಗಳು 4,414. ಅವರಲ್ಲಿ 2,501 ಅಮೆರಿಕದವರು.

ಎರಡನೇ ದಿನದಿಂದ ಶುರುವಾದ ಓಟ

ಜೂನ್ 6ರ ಸಂಜೆ ಜರ್ಮನರ 21ನೇ ಪ್ಯಾಂಜರ್ (ಟ್ಯಾಂಕ್) ಡಿವಿಷನ್ನಿನ ಒಂದು ತುಕಡಿ ಜುನೋ ಮತ್ತು ಸ್ವೋರ್ಡ್ ನಡುವಿನ ಸಂದಿಯಲ್ಲಿ ಸಮುದ್ರದವರೆಗೂ ಬಂದುಬಿಟ್ಟಿತ್ತು. ಆಗ ತಲೆಯ ಮೇಲೆ ಇನ್ನೂರಕ್ಕೂ ಹೆಚ್ಚು ಗ್ಲೈಡರ್‌ಗಳು ಹಾದು ಹೋದವು, ಬ್ರಿಟಿಷರ ಹೆಚ್ಚುವರಿ ಸೈನ್ಯ. ಹಿಂದಿನಿಂದ ದಾರಿ ಮುಚ್ಚಿಬಿಡುತ್ತಾರೆ ಅಂತ ಜರ್ಮನರು ವಾಪಸ್ ತಿರುಗಿದರು.

ಮೊದಲ ದಿನ ಕಾಲೂರಿದ್ದು ಆಯಿತು. ಆದರೆ ಆವತ್ತು ಹಿಡಿಯಬೇಕಿದ್ದ ಕಾನ್ ಪಟ್ಟಣ ಸಿಗಲಿಲ್ಲ, ಐದು ದಂಡೆಗಳು ಒಂದಕ್ಕೊಂದು ಕೂಡಿಕೊಂಡದ್ದು ಸುಮಾರು ಒಂದು ವಾರದ ಮೇಲೆ. ಪಶ್ಚಿಮ ಯುರೋಪಿನಲ್ಲಿ ಜರ್ಮನರ 58 ಡಿವಿಷನ್ ಇದ್ದವು. ಅವರು ರೈಲು, ರಸ್ತೆಯಲ್ಲಿ ಬರಬೇಕು. ಇವರು ಸಮುದ್ರದಲ್ಲಿ ಬರಬೇಕು. ಯಾರು ಬೇಗ ಜನ ಸೇರಿಸುತ್ತಾರೋ ಅವರದೇ ಮೇಲುಗೈ. ರೈಲು ದಾರಿಗಳ ಮೇಲೆ ತಿಂಗಳುಗಟ್ಟಲೆ ಬಾಂಬ್ ಹಾಕಿದ್ದು, ಮುಖ್ಯ ದಾಳಿ ಇಂಗ್ಲೆಂಡಿಗೆ ತೀರಾ ಹತ್ತಿರದ ಫ್ರೆಂಚ್ ತೀರ ಪಾ-ದ-ಕಲೇ ಕಡೆ ಬರುತ್ತದೆ ಅಂತ ಜರ್ಮನರನ್ನು ವಾರಗಟ್ಟಲೆ ನಂಬಿಸಿದ್ದು ಎಲ್ಲವೂ ಇದಕ್ಕಾಗಿಯೇ.

ಜೂನ್ 11ರ ಹೊತ್ತಿಗೆ ಇಳಿದವರ ಸಂಖ್ಯೆ 3,26,547, ವಾಹನಗಳು 54,186, ಸಾಮಾನು 1,04,428 ಟನ್. ಮೊದಲ ದಿನದ ಲೆಕ್ಕ ಕಳೆದು ಐದರಿಂದ ಭಾಗಿಸಿ ನೋಡಿ. ದಿನಕ್ಕೆ ಸುಮಾರು 34,000 ಜನ. ನನ್ನನ್ನು ಕೇಳಿದರೆ ಒಂದೂವರೆ ಲಕ್ಷಕ್ಕಿಂತ ಈ 34,000 ಮುಖ್ಯ. ಮೊದಲ ದಿನಕ್ಕೆ ಐದು ತಿಂಗಳು ಕೂತು ತಯಾರಿ ಮಾಡಬಹುದು. ದಿನಾ ಬೆಳಗಾದರೆ ಇಷ್ಟು ಜನರನ್ನು, ಅವರ ಊಟ, ಪೆಟ್ರೋಲ್, ಗುಂಡುಗಳ ಸಮೇತ, ಒಂದು ಬಂದರೂ ಇಲ್ಲದ ತೀರದಲ್ಲಿ ಇಳಿಸುವುದು ಬೇರೆಯೇ ಮಾತು.

ಅದಕ್ಕಾಗಿ ಇಂಗ್ಲೆಂಡಿನಲ್ಲೇ ಎರಡು ಬಂದರು ಕಟ್ಟಿ ಎಳೆದು ತಂದರು. ಮಲ್ಬರಿ ಅಂತ ಹೆಸರು. ದೊಡ್ಡ ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗಳು, ಒಂದೊಂದು ಆರು ಸಾವಿರ ಟನ್‌ವರೆಗೆ ತೂಗುತ್ತಿದ್ದವು. ಅವನ್ನು ಮುಳುಗಿಸಿ ಅಲೆ ತಡೆಗೋಡೆ ಮಾಡಿ, ಒಳಗೆ ತೇಲುವ ರಸ್ತೆ ಹಾಸಿದರು. ಒಂದು ಒಮಾಹಾದಲ್ಲಿ, ಇನ್ನೊಂದು ಗೋಲ್ಡ್ ದಂಡೆಯ ಅರೊಮಾಂಶ್‌ನಲ್ಲಿ. ಜೂನ್ 19ರಂದು ಬಿರುಗಾಳಿ ಎದ್ದಿತು. 22ರವರೆಗೂ ಬಿಡಲಿಲ್ಲ. ಒಮಾಹಾದ ಮಲ್ಬರಿ ಪುಡಿಯಾಯಿತು, ನೂರಾರು ದೋಣಿಗಳು ದಂಡೆಗೆ ಎಸೆಯಲ್ಪಟ್ಟವು.

ಇಲ್ಲಿ ಎಲ್ಲ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದಕ್ಕೆ ಕಾರಣ ಒಂದು ಸರಳ ಉಪಾಯ. ಮೊದಮೊದಲು ಎಲ್‌ಎಸ್‌ಟಿಗಳನ್ನು ದೂರದಲ್ಲೇ ನಿಲ್ಲಿಸಿ, ರೈನೋ ಅನ್ನುವ ಕಬ್ಬಿಣದ ತೆಪ್ಪಗಳ ಮೇಲೆ ವಾಹನಗಳನ್ನು ಸಾಗಿಸುತ್ತಿದ್ದರು. ಇಳಿತದಲ್ಲಿ ಹಡಗು ಮರಳಿನ ಮೇಲೆ ಕೂತರೆ ಬೆನ್ನು ಮುರಿಯುತ್ತದೆ ಅಂತ ನೌಕಾಪಡೆಗೆ ಭಯ. ಒಂದೆರಡು ದಿನದಲ್ಲೇ ಧೈರ್ಯ ಮಾಡಿ ನೋಡಿದರು. ಉಬ್ಬರದ ಜೊತೆ ಹಡಗು ದಡಕ್ಕೆ ಬರುತ್ತದೆ. ನೀರು ಇಳಿಯುತ್ತದೆ. ಹಡಗು ಒಣ ಮರಳಿನ ಮೇಲೆ ಸುಮ್ನೆ ಕೂರುತ್ತದೆ. ಬಾಗಿಲು ತೆರೆದು ಲಾರಿಗಳು ಟೈರು ಒದ್ದೆಯಾಗದೆ ಹೊರಗೆ ಬರುತ್ತವೆ. ಅದೇ ಬಾಗಿಲಿನಿಂದ ಗಾಯಗೊಂಡವರು, ಸೆರೆಸಿಕ್ಕ ಜರ್ಮನರು ಒಳಗೆ ಹೋಗುತ್ತಾರೆ. ಮುಂದಿನ ಉಬ್ಬರಕ್ಕೆ ಹಡಗು ತಾನೇ ತೇಲಿ ಇಂಗ್ಲೆಂಡಿಗೆ ಹೊರಡುತ್ತದೆ. ಬೆಳಿಗ್ಗೆ ಶತ್ರುವಾಗಿದ್ದ ಉಬ್ಬರ-ಇಳಿತವೇ ಕೂಲಿಯಾಳಿನ ಕೆಲಸ ಮಾಡಿತು. ಮಲ್ಬರಿ ಇಲ್ಲದ ಒಮಾಹಾ ದಂಡೆಯಲ್ಲಿ ಯೋಜನೆಯಲ್ಲಿ ಬರೆದುಕೊಂಡದ್ದಕ್ಕಿಂತ ಹೆಚ್ಚು ಸಾಮಾನು ಇಳಿಯತೊಡಗಿತು.

ಜೂನ್ ಕೊನೆಗೆ ಎಂಟೂವರೆ ಲಕ್ಷ ಜನ. ಜುಲೈ ಮೊದಲ ವಾರದಲ್ಲಿ ಹತ್ತು ಲಕ್ಷ. ಶೆರ್ಬೂರ್ ಬಂದರು ಜೂನ್ ಕೊನೆಯಲ್ಲಿ ಕೈಗೆ ಸಿಕ್ಕರೂ ಜರ್ಮನರು ಅದನ್ನು ಎಷ್ಟು ಹಾಳು ಮಾಡಿ ಹೋಗಿದ್ದರೆಂದರೆ ಮೊದಲ ಸರಕು ಇಳಿಯಲು ಜುಲೈ ಮಧ್ಯ ಆಯಿತು. ಅಲ್ಲಿಯವರೆಗೆ ಎಲ್ಲವೂ ಮರಳಿನ ಮೇಲೆಯೇ, ಮತ್ತು ಆಮೇಲೂ ಬಹಳ ದಿನ ಬಹುಪಾಲು ಮರಳಿನ ಮೇಲೆಯೇ. ಆಗಸ್ಟ್ ಕೊನೆಗೆ ಇಪ್ಪತ್ತು ಲಕ್ಷ ದಾಟಿತ್ತು, ಪ್ಯಾರಿಸ್ ಬಿಡುಗಡೆಯಾಗಿತ್ತು.

ದೋಣಿ ಇಲ್ಲ ಅಂತ ಮುಂದೂಡಿದ್ದ ದಕ್ಷಿಣ ಫ್ರಾನ್ಸಿನ ದಾಳಿ ಆಗಸ್ಟ್ 15ರಂದು ನಡೆಯಿತು. ನಾರ್ಮಂಡಿಯಲ್ಲಿ ಕೆಲಸ ಮುಗಿಸಿದ ಎಲ್‌ಎಸ್‌ಟಿಗಳಲ್ಲಿ ಕೆಲವು ಮೆಡಿಟರೇನಿಯನ್‌ಗೆ ಬಂದು ಇಲ್ಲೂ ಸೈನ್ಯ ಇಳಿಸಿದವು. ಆ ತಿಂಗಳ ಕೊನೆಗೆ ಮಾರ್ಸೆಲ್ಸ್ ಮತ್ತು ತುಲಾನ್ ಬಂದರುಗಳು ಸಿಕ್ಕವು. ಅಕ್ಟೋಬರ್ ಹೊತ್ತಿಗೆ ಫ್ರಾನ್ಸಿನಲ್ಲಿದ್ದ ಅಮೆರಿಕದ ಸೈನ್ಯಕ್ಕೆ ಬರುತ್ತಿದ್ದ ಸಾಮಾನಿನಲ್ಲಿ ಮೂರನೇ ಒಂದು ಭಾಗದಷ್ಟು ಆ ದಕ್ಷಿಣದ ಬಂದರುಗಳಿಂದಲೇ ಬರುತ್ತಿತ್ತು.